ಉಪ್ಪಿಗೊಂದು ಗೀಟು

ಪ್ಲಾಸ್ಟಿಕ್ಕಿನ ಬದನೆಕಾಯಿಯೊಂದನ್ನು ನನ್ನ ಮುಂದಿಟ್ಟು, "ಇದು ಎಂತ ಹೇಳಿ ಭಟ್ರೇ" ಎಂದು ಕೇಳಿದ ದಿನವೇ ಆ ಹುಡುಗಿ ಪೆದ್ದಿ ಎಂದು ನಾನು ತೀರ್ಮಾನಿಸಿದೆ. ಮೂವತ್ತೈದು ವರ್ಷಗಳಲ್ಲಿ ನಾನು ಹೆಚ್ಚಿದ ಬದನೆಕಾಯಿಯನ್ನು ರಾಶಿ ಹಾಕಿದರೆ ಬೋವಿಕಾನದ ಪೇಟೆ ಮುಚ್ಚಿಹೋದೀತು. "ಇದು ಪ್ಲಾಸ್ಟಿಕ್" ಎಂದೆ. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಏನನ್ನೋ ಬರೆದುಕೊಂಡಳು.

ನಾನು ಅಡಿಗೆಯ ಕೃಷ್ಣಕುಮಾರ. ಕಾರಡ್ಕದ ಸುತ್ತಮುತ್ತ ಪೂಜೆ, ಹೋಮ, ತಿಥಿ ಏನೇ ಇರಲಿ, ಮೊದಲು ನನ್ನ ಪುರುಸೊತ್ತು ಕೇಳಿ ಆಮೇಲೆ ದಿನ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. ನನ್ನದು ಮದುವೆ ಹಾಲಿನ ಅಡಿಗೆಯಲ್ಲ. ಅದನ್ನು ಯಾರೂ ಮಾಡಬಹುದು, ಎಣ್ಣೆ ಸುರಿದರಾಯಿತು. ನನ್ನದು ದೇವರಿಗೆ ನೈವೇದ್ಯವಾಗುವ ಅಡಿಗೆ. ನೈವೇದ್ಯ ಮುಗಿಯುವವರೆಗೆ ಅಡಿಗೆಯವನ ನಾಲಗೆಗೆ ಒಂದು ತೊಟ್ಟೂ ಸೋಕಬಾರದು. ಅಂಗೈಗೆ ಬಿಟ್ಟು ನೆಕ್ಕುವ ಹಾಗಿಲ್ಲ, ಬಗ್ಗಿ ಮೂಸುವ ಹಾಗೂ ಇಲ್ಲ. ಹಾಗಾದರೆ ಉಪ್ಪು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಕೊಪ್ಪರಿಗೆಯಲ್ಲಿ ನೀರು ಎಲ್ಲಿಯವರೆಗೆ ಏರಿದೆ ಎಂದು ಕಣ್ಣು ನೋಡುತ್ತದೆ, ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಉಪ್ಪು ಎಷ್ಟಿದೆ ಎಂದು ಕೈಗೆ ತಿಳಿಯುತ್ತದೆ, ಹಾಕಿದ್ದನ್ನು ತಲೆ ನೆನಪಿಟ್ಟುಕೊಳ್ಳುತ್ತದೆ. ನನ್ನ ವಿದ್ಯೆ ಇಷ್ಟೇ. ಅಪ್ಪ ನನಗೆ ಬಿಟ್ಟುಹೋದದ್ದೂ ಇಷ್ಟೇ.

ಪೆಟ್ಟು ಬಿದ್ದದ್ದು ಆ ತಲೆಗೇ. ಕಳೆದ ವರ್ಷ ದೀಪಾವಳಿ ಮುಗಿದ ವಾರ ಮನೆಯ ಜಗಲಿಯಲ್ಲಿ ಕುಂಬಳಕಾಯಿ ಸಿಪ್ಪೆ ತೆಗೆಯುತ್ತಿದ್ದೆ. ಬಲಗೈಯಿಂದ ಕತ್ತಿ ಜಾರಿತು. ಎತ್ತಿಕೊಳ್ಳೋಣವೆಂದರೆ ಕೈ ನನ್ನದಲ್ಲ. ಹೆಂಡತಿ ಸೌದಾಮಿನಿಯನ್ನು ಕರೆದೆ. ಬಾಯಿಂದ ಬಂದದ್ದು ಮಾತಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದು ಹನ್ನೊಂದು ದಿನ ಮಲಗಿಸಿದರು. ಕೈ ತಿರುಗಿ ಬಂತು, ಕಾಲು ಬಂತು, ಮಾತೂ ಬಂತು. ಹೋದದ್ದು ಏನೆಂದು ಮನೆಗೆ ಬಂದ ಮೇಲೆಯೇ ತಿಳಿದದ್ದು. ಸ್ನಾನ ಮಾಡಿ ಬಂದು ಹತ್ತು ನಿಮಿಷಕ್ಕೆ ಇನ್ನೊಮ್ಮೆ ಸ್ನಾನಕ್ಕೆ ಹೊರಡುತ್ತಿದ್ದೆ. ಹಚ್ಚಿದ ದೀಪಕ್ಕೆ ಕಡ್ಡಿ ಗೀರುತ್ತಿದ್ದೆ. ನನ್ನ ಗಂಜಿಗೆ ನಾನೇ ಮೂರು ಸಲ ಉಪ್ಪು ಹಾಕಿಕೊಂಡೆ. ಅದಾದ ಮೇಲೆ ಸೌದಾಮಿನಿ ಉಪ್ಪಿನ ಮರಿಗೆಯನ್ನೇ ಅಟ್ಟಕ್ಕೆ ಏರಿಸಿದಳು. ಹೇಗೂ ಬಿಪಿಗೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಕಡಿಮೆ ಮಾಡಲಿಲ್ಲ, ಇಲ್ಲವೇ ಇಲ್ಲ ಮಾಡಿದಳು.

ನೋಡಲು ಬಂದವರ ಸಂಗತಿ ಹೇಳಿದರೆ ಮುಗಿಯುವುದಿಲ್ಲ. ಕಿವಿ ಹೋದವನ ಹತ್ತಿರ ಮಾತಾಡುವಂತೆ ಒಬ್ಬೊಬ್ಬರೂ ಕಿರುಚಿ ಮಾತಾಡಿದರು. "ನಾನ್ಯಾರು ಹೇಳಿ ನೋಡುವ" ಎಂದು ಪರೀಕ್ಷೆ ಮಾಡಿದರು. ಸೌದಾಮಿನಿಯ ತಮ್ಮ ಅವಿನಾಶ ಎಲ್ಲರನ್ನೂ ಮೀರಿಸಿದ. ಮೊದಲು ಒಂದೆಲಗದ ರಸ ತಂದ. ಆಮೇಲೆ ಅಕ್ರೋಟು ತಂದ, ಅದು ಮಿದುಳಿನ ಆಕಾರದಲ್ಲಿದೆಯಂತೆ, ಆದ್ದರಿಂದ ಮಿದುಳಿಗೆ ಒಳ್ಳೆಯದಂತೆ. ಹಾಗಾದರೆ ನಿನ್ನ ಮನೆಯಲ್ಲಿ ಅದನ್ನು ಮೂಟೆಗಟ್ಟಲೆ ತರಿಸಬೇಕಿತ್ತು ಎಂದೆ. ಕೊನೆಗೆ ಪೆರ್ಲದ ಕಡೆ ನರ ಒತ್ತುವವನೊಬ್ಬನ ಹತ್ತಿರ ಕರೆದುಕೊಂಡು ಹೋದ. ಆತ ನನ್ನ ಕುತ್ತಿಗೆಯನ್ನು ಹಿಟ್ಟು ನಾದಿದ ಹಾಗೆ ನಾದಿ, ಮೂರು ದಿನ ತಿರುಗಿಸಲಾಗದಂತೆ ಮಾಡಿ ಕಳುಹಿಸಿದ.

ಆಮೇಲೆ ಪೇಟೆಯ ಒಂದು ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ. ನಮ್ಮದು ಗಡಿನಾಡು, ಕಾಗದ ಹಿಡಿದವನು ಇಡೀ ಪರೀಕ್ಷೆಯನ್ನು ಮಲಯಾಳದಲ್ಲಿ ಮಾಡಿದ. ನನಗೆ ಬರುವ ಮಲಯಾಳ ತರಕಾರಿ ಅಂಗಡಿಯದು, ಬಸ್ಸಿನದು. ಅವನು ಐದು ಪದ ಹೇಳಿದ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಹೇಳಿ ಎಂದ. ಒಂದು ಅಕ್ಷರ ಕೊಟ್ಟು ಅದರಿಂದ ಶುರುವಾಗುವ ಪದಗಳನ್ನು ಹೇಳಿ ಎಂದ. ಮೂವತ್ತಕ್ಕೆ ಹದಿಮೂರು ಮಾರ್ಕು ಹಾಕಿ ಸೌದಾಮಿನಿಯ ಮುಖವನ್ನು ಕನಿಕರದಿಂದ ನೋಡಿದ. ಅವಳು ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡಳು.

ಬೋವಿಕಾನದಲ್ಲಿ ಮಹಡಿಯ ಮೇಲೆ ಹೊಸದಾಗಿ ತೆರೆದ ಚಿಕಿತ್ಸಾ ಕೇಂದ್ರಕ್ಕೆ ನನ್ನನ್ನು ಎಳೆದುಕೊಂಡು ಹೋದದ್ದು ಇಷ್ಟೆಲ್ಲ ಆದ ಮೇಲೆ, ಜನವರಿಯಲ್ಲಿ. ಅಲ್ಲಿ ಇದ್ದದ್ದೇ ಆ ಬದನೆಕಾಯಿಯ ಹುಡುಗಿ, ನುಸೈಬಾ. ಪೇಟೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಅಬ್ದುಲ್ ಲತೀಫನ ಮಗಳು. ಅವನ ಅಂಗಡಿಯಿಂದ ಇಪ್ಪತ್ತು ವರ್ಷ ಕಾಯಿ ತರಿಸಿದವ ನಾನು, ಹತ್ತರಲ್ಲಿ ಒಂದು ಕೊಳೆತದ್ದು ಬಂದೇ ಬರುತ್ತಿತ್ತು. ಮಗಳು ಹೇಗಿರಬಹುದೆಂದು ಅಲ್ಲಿಗೇ ಲೆಕ್ಕ ಹಾಕಿದೆ. ತಲೆಗೆ ಬಟ್ಟೆ, ಮೇಲೆ ನೀಲಿ ಕೋಟು, ನನ್ನ ಅರ್ಧ ವಯಸ್ಸೂ ಆಗಿಲ್ಲ.

ಅವಳು ಮಾಡಿದ ಮೊದಲ ಕೆಲಸ ಅದೇ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಿದ್ದು. ಇಪ್ಪತ್ತೆರಡು ಮಾರ್ಕು ಬಂತು.

"ನೋಡಿ," ಎಂದೆ. "ಭಾಷೆ ಬದಲಿಸಿದ್ದಕ್ಕೇ ಒಂಬತ್ತು ಮಾರ್ಕು ಏರಿತು. ಕಾಯಿಲೆ ಇದ್ದದ್ದು ಆ ಪರೀಕ್ಷೆ ಮಾಡಿದವನಿಗೆ."

"ಒಂಬತ್ತು ಅವರ ತಪ್ಪು, ಒಪ್ಪಿದೆ ಭಟ್ರೇ," ಎಂದಳು. "ಬಾಕಿ ಎಂಟು?"

"ಅದು ವಯಸ್ಸು."

"ನಾನು ಐದು ಪದ ಹೇಳಿದ್ದೆ. ಯಾವುದೆಲ್ಲ?"

"ಗೊತ್ತುಂಟು. ಹೇಳುವ ಅಗತ್ಯ ಇಲ್ಲ."

"ಮಲಯಾಳದಲ್ಲಿಯೂ ಐದೂ ಹೋಗಿತ್ತು, ಕನ್ನಡದಲ್ಲಿಯೂ ಐದೂ ಹೋಗಿದೆ. ನಿಮ್ಮ ಕಾಯಿಲೆ ಇರುದು ಅಲ್ಲಿ." ಪೆನ್ನು ಕೆಳಗಿಟ್ಟಳು. "ನೆನಪಿಲ್ಲ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಕಲಿತರೆ ನಮ್ಮ ಅರ್ಧ ಕೆಲಸ ಆಯ್ತು."

ಅಂಥ ಮಾತನ್ನು ನನ್ನ ಮುಖಕ್ಕೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಔಷಧಿ ಏನಾದರೂ ಬರೆದುಕೊಡಿ, ಉಪದೇಶ ಬೇಡ ಎಂದೆ.

"ಇದಕ್ಕೆ ಮಾತ್ರೆ ಇಲ್ಲ. ಡಾಕ್ಟ್ರು ರಕ್ತಕ್ಕೆ, ಬಿಪಿಗೆ ಕೊಟ್ಟದ್ದನ್ನು ಬಿಡ್ಲಿಕ್ಕಿಲ್ಲ. ನೆನಪಿಗೆ ಅಂತ ಇರುದು ಅಭ್ಯಾಸ ಮಾತ್ರ. ವ್ಯಾಯಾಮ ಒಂದೇ ಮಾಡಿದ್ರೆ ಸ್ವಲ್ಪ, ಕಂಪ್ಯೂಟರ್ ಒಂದೇ ಮಾಡಿದ್ರೆ ಸ್ವಲ್ಪ. ಎಲ್ಲ ಕೂಡಿಸಿ ಮಾಡಿದ್ರೆ ಜಾಸ್ತಿ ಆಗ್ತದಾ ಅಂತ ನೋಡುದು."

"ನೋಡುದು ಅಂದ್ರೆ? ನಿಮಗೂ ಗೊತ್ತಿಲ್ವಾ?"

"ನಿಮ್ಮ ತಲೆ ಎಷ್ಟು ಕೇಳ್ತದೆ ಅಂತ ನನಗೆ ಗೊತ್ತಿಲ್ಲ. ಗೊತ್ತುಂಟು ಅಂತ ಹೇಳುವವರ ಹತ್ತಿರ ಹೋಗ್ಬೇಡಿ," ಎಂದಳು. ಆಮೇಲೆ ಕೇಳಿದಳು, "ನೀವು ಬೇಳೆ, ಹುಳಿ, ಕಾಯಿ ಎಲ್ಲ ಬೇರೆ ಬೇರೆ ಬಡಿಸ್ತೀರಾ?"

ನನ್ನ ಅಡಿಗೆಮನೆಯಿಂದಲೇ ಕದ್ದು ನನಗೇ ಬುದ್ಧಿ ಹೇಳಿದ್ದು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ವಾರಕ್ಕೆ ಮೂರು ದಿನ ಹೋಗಬೇಕಾಯಿತು. ಮೊದಲು ಇಪ್ಪತ್ತು ನಿಮಿಷ ಒಂದು ಸೈಕಲು ತುಳಿಯುವುದು. ಚಕ್ರವಿಲ್ಲದ ಸೈಕಲು, ಎಷ್ಟು ತುಳಿದರೂ ಅದೇ ಗೋಡೆ ಎದುರಿಗೆ. ಬೆವರು ಬರಬೇಕು, ಬೆವರು ಆರುವ ಮೊದಲೇ ಕಂಪ್ಯೂಟರಿನ ಮುಂದೆ ಕೂತು ಮೇಲಿನಿಂದ ಬೀಳುವ ಹಣ್ಣುಗಳಲ್ಲಿ ಹಳದಿಯದ್ದನ್ನು ಮಾತ್ರ ಒತ್ತಬೇಕು. ಪೂಜೆಯ ಅಡಿಗೆ ಮಾಡುವ ಕೈಗೆ ಬಂದ ಗತಿ. ಅದು ಮುಗಿದರೆ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತ, ತಾಳ ಹಾಕುತ್ತ, ವಾರಗಳ ಹೆಸರನ್ನು ಹಿಂದಿನಿಂದ ಹೇಳುವುದು. ಪಕ್ಕದಲ್ಲಿ ಇನ್ನೊಬ್ಬ ರೋಗಿ ಬಾಯಿ ಬಿಟ್ಟು ನೋಡುತ್ತಿದ್ದ. ಕೊನೆಗೆ ಆ ಪ್ಲಾಸ್ಟಿಕ್ ತರಕಾರಿ: ಸಾಂಬಾರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಬೇಕು. ಮೂರನೇ ವಾರ ನಾನು ಆ ತರಕಾರಿಯ ಬುಟ್ಟಿಯನ್ನು ಕಾಲಿನಿಂದ ತಳ್ಳಿದೆ. ಮುಂದಿನ ಸಲ ಹೋದಾಗ ನಿಜವಾದ ಬದನೆ, ನಿಜವಾದ ಬೆಂಡೆ, ಒಂದು ಗ್ಯಾಸಿನ ಒಲೆ ಬಂದಿತ್ತು. ಅವಳ ಮನೆಯಿಂದ ತಂದದ್ದು. ನಾನು ಥ್ಯಾಂಕ್ಸ್ ಹೇಳಲಿಲ್ಲ, ಬೆಂಡೆ ಬಲಿತಿದೆ ಎಂದೆ.

ನಿಜ ಹೇಳಬೇಕು. ಏಪ್ರಿಲಿನ ಹೊತ್ತಿಗೆ ಐದು ಪದಗಳಲ್ಲಿ ಮೂರು, ಕೆಲವು ದಿನ ನಾಲ್ಕು ಉಳಿಯತೊಡಗಿದವು. ಎರಡೆರಡು ಸ್ನಾನ ನಿಂತಿತು. ಒಳಗೊಳಗೆ ಎಷ್ಟು ಸಂತೋಷವಾಯಿತೆಂದರೆ, ಬಸ್ಸಿನಲ್ಲಿ ಕೂತು ಆ ಪದಗಳನ್ನು ಜಪದಂತೆ ಹೇಳಿಕೊಂಡೆ. ಅವಳಿಗೆ ಮಾತ್ರ ತೋರಿಸಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವಳು ಜಿಗಣೆ. ನನ್ನ ಕೈಗೆ ಒಂದು ಸಣ್ಣ ಪುಸ್ತಕ, ಒಂದು ಮೊಂಡು ಪೆನ್ಸಿಲು ಕೊಟ್ಟಳು. ಅಡಿಗೆ ಶುರುಮಾಡುವ ಮೊದಲು ಪಾತ್ರೆಗಳ ಹೆಸರು ಬರೆಯಬೇಕು. ಉಪ್ಪು ಹಾಕಿದ ಕೂಡಲೇ ಆ ಹೆಸರಿನ ಮುಂದೆ ಒಂದು ಗೀಟು ಎಳೆಯಬೇಕು. "ಹಾಕುವ ಮೊದಲು ಅಲ್ಲ, ಎಲ್ಲ ಮುಗಿದ ಮೇಲೆಯೂ ಅಲ್ಲ. ಉಪ್ಪು ಬಿತ್ತು, ಗೀಟು ಬಿತ್ತು. ನಡುವೆ ಯಾರು ಕರೆದರೂ ತಿರುಗ್ಲಿಕ್ಕಿಲ್ಲ."

ಪೆನ್ಸಿಲು ಹಿಡಿದು ನಿಂತವನನ್ನು ಅಡಿಗೆಯವ ಎನ್ನುವುದಿಲ್ಲ, ಬಡಗಿ ಎನ್ನುತ್ತಾರೆ. ನನ್ನ ಹತ್ತಿರ ಹದಿನಾಲ್ಕು ವರ್ಷ ಕೈಕೆಳಗಿದ್ದ ಗಣೇಶಪ್ರಸಾದನಿಗಾದರೆ ಅದು ಸರಿಹೋಗುತ್ತಿತ್ತು. ನಾನು ಮಲಗಿದ ಮೇಲೆ ನನ್ನ ಪೂಜೆಗಳನ್ನೆಲ್ಲ ಮಾಡುತ್ತಿದ್ದವ ಅವನು. ಮೊಬೈಲು ನೋಡಿ ಮೆಣಸಿನ ಲೆಕ್ಕ ಹಾಕುತ್ತಾನೆ. ಯಾರೂ ಇಲ್ಲವೆಂದು ಕಂಡರೆ ಮೂಲೆಗೆ ತಿರುಗಿ ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕುತ್ತಾನೆ. ಎರಡು ಸಲ ನಾನೇ ಕಂಡಿದ್ದೇನೆ. ದೇವರಿಗೆ ಎಂಜಲು ತಿನ್ನಿಸುವ ಅವನೂ ಒಬ್ಬ ಅಡಿಗೆಯವ.

ಬೇಸಿಗೆಯಲ್ಲಿ ನಮ್ಮ ದೇವಸ್ಥಾನದಲ್ಲಿ ಬಲಿವಾಡು ಕೂಟ ನಡೆಯುತ್ತದೆ. ಊರಿನ ಮನೆಗಳೆಲ್ಲ ಸೇರಿ ದೇವರಿಗೆ ನೈವೇದ್ಯ ಮಾಡಿಸಿ ಒಟ್ಟಿಗೆ ಕೂತು ಉಣ್ಣುವ ದಿನ. ಇಪ್ಪತ್ತೇಳು ವರ್ಷ ಅದರ ಒಲೆಯ ಮುಂದೆ ನಿಂತವ ನಾನು. ಈ ವರ್ಷ ಸಮಿತಿಯ ಕಾರ್ಯದರ್ಶಿ ಜಿತೇಂದ್ರ ಮನೆಗೆ ಬಂದು ಜಗಲಿಯಲ್ಲಿ ಕೂತು, ಬೇಡವೆಂದರೂ ಎರಡು ಸಲ ಕಾಫಿ ಕುಡಿದು, ಆಮೇಲೆ ಬಾಯಿಬಿಟ್ಟ.

"ಕಿಟ್ಟಣ್ಣ, ಈ ಸಲ ಗಣೇಶಪ್ರಸಾದ ಮಾಡ್ಲಿ. ನೀವು ಒಂದು ಕುರ್ಚಿ ಹಾಕಿ ಕೂತು ನೋಡಿದ್ರೆ ಸಾಕು."

"ಕೂತು ನೋಡ್ಲಿಕ್ಕೆ ನಾನು ಗೋಡೆಗೆ ಹಾಕಿದ ಫೋಟೋವಾ?" ಎಂದೆ. "ಮಾಡುದಾದ್ರೆ ನಾನೇ ಮಾಡ್ತೇನೆ."

ಅವನು ಸೌದಾಮಿನಿಯ ಮುಖ ನೋಡಿದ. ಅವಳು ನೆಲ ನೋಡಿದಳು. "ಆಯ್ತು, ಈ ವರ್ಷ ಮಾಡಿ. ಮುಂದಿನದ್ದು ಆಮೇಲೆ ನೋಡುವ" ಎಂದು ಎದ್ದ. ಒಂದು ಕೊಪ್ಪರಿಗೆ ಹಾಳಾದರೆ ಆ ಒಲೆಯ ಹತ್ತಿರ ಇನ್ನು ನನ್ನನ್ನು ಬಿಡುವುದಿಲ್ಲವೆಂದು ನನಗೆ ಅರ್ಥವಾಯಿತು. ಆ ಒಲೆ ಹೋದರೆ ಉಳಿದ ಮನೆಗಳ ಒಲೆಯೂ ಹೋಯಿತು. ಆಮೇಲೆ ನಾನು ಯಾರು? ದಿನಕ್ಕೆ ನಾಲ್ಕು ಮಾತ್ರೆ ನುಂಗುವ ಒಬ್ಬ ಮುದುಕ.

ಇದನ್ನು ನುಸೈಬಾಳಿಗೆ ಹೇಳಿದೆ. "ಒಪ್ಪುದು ಬೇಡಿತ್ತು. ಇನ್ನು ಮೂರು ತಿಂಗಳು ಹೋಗ್ಬೇಕಿತ್ತು. ಒಪ್ಪಿದ ಮೇಲೆ ಪುಸ್ತಕ ಬಿಡ್ಲಿಕ್ಕಿಲ್ಲ. ಮಾತು ಕೊಡಿ."

ಕೊಟ್ಟೆ. "ನಿಮಗೂ ಒಂದು ಡಬ್ಬಿ ಸಾಂಬಾರು ತರ್ತೇನೆ, ಆಮೇಲೆ ಮಾತಾಡಿ" ಎಂದೆ.

"ದೇವರ ಮುಂದೆ ಇಟ್ಟದ್ದು ಬೇಡ ಭಟ್ರೇ. ಕೊಪ್ಪರಿಗೆಯಲ್ಲಿ ಉಳಿದದ್ದಾದ್ರೆ ತನ್ನಿ" ಎಂದಳು.

ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಸುತ್ತಿದ ಬೈರಾಸಿನ ಮಡಿಕೆಯಲ್ಲಿ ಪುಸ್ತಕ ಸಿಕ್ಕಿಸಿಕೊಂಡು ಅಡಿಗೆಮನೆ ಹೊಕ್ಕೆ. ಬೆಂಕಿಯ ಬಿಸಿ ಮುಖಕ್ಕೆ ಹೊಡೆದಾಗ ಆರು ತಿಂಗಳಲ್ಲಿ ಮೊದಲ ಸಲ ನಾನು ನಾನಾದೆ. ಸಾರಿಗೆ ಉಪ್ಪು ಹಾಕಿ, ಕಂಬದ ಮರೆಗೆ ಹೋಗಿ ಗೀಟು ಎಳೆದೆ. ತರಕಾರಿಯ ಅವಿಲಿಗೂ ಎಳೆದೆ. ಸಾಂಬಾರಿನ ಕೊಪ್ಪರಿಗೆ ಕುದಿಯಲು ಹಿಡಿಯುವ ಹೊತ್ತಿಗೆ ಜಿತೇಂದ್ರ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದು ಎದುರಿಗೇ ನಿಂತ. ನಾನು ಸತ್ತಿದ್ದೇನೋ ಬದುಕಿದ್ದೇನೋ ಎಂದು ನೋಡಲು ಬಂದವರ ಹಾಗೆ ನಿಂತಿದ್ದರು.

"ಎಷ್ಟು ಹೊತ್ತಿಗೆ ಆದೀತು ಕಿಟ್ಟಣ್ಣ?"

"ಹನ್ನೊಂದೂವರೆಗೆ ನೈವೇದ್ಯಕ್ಕೆ ಕೊಡ್ತೇನೆ. ಇಪ್ಪತ್ತೇಳು ವರ್ಷದಲ್ಲಿ ಯಾವಾಗ ತಡ ಆಗಿದೆ?"

"ಹಾಗಲ್ಲ, ಸುಮ್ಮನೆ ಕೇಳಿದೆ ಮಾರಾಯ್ರೆ."

ಅವರಿಗೆ ಉತ್ತರ ಕೊಟ್ಟು ಕೊಪ್ಪರಿಗೆಯ ಕಡೆ ತಿರುಗಿದೆ. ಕೈಯಲ್ಲಿ ಉಪ್ಪಿನ ಗೆರಟೆ ಇತ್ತು. ಖಾಲಿ. ಉಪ್ಪು ಹಾಕಿ ಖಾಲಿಯಾದದ್ದೋ, ತುಂಬಿಸಿಕೊಳ್ಳಬೇಕೆಂದು ಹಿಡಿದುಕೊಂಡದ್ದೋ? ತಲೆಯೊಳಗೆ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ಪುಸ್ತಕ ತೆಗೆಯಬಹುದಿತ್ತು. ಆದರೆ ಆ ಮೂರು ಮುಖಗಳ ಮುಂದೆ, ಶಾಲೆಯ ಮಕ್ಕಳ ಹಾಗೆ, ಮೊಂಡು ಪೆನ್ಸಿಲಿನ ಪುಸ್ತಕ! ಕೊಪ್ಪರಿಗೆಗೆ ಕೈಯಿಟ್ಟು ಮೂವತ್ತೈದು ವರ್ಷವಾದ ಕೈ ಉಪ್ಪು ಹಾಕದೆ ಬಿಟ್ಟೀತೇ ಎಂದುಕೊಂಡೆ. ಗೆರಟೆಯನ್ನು ಮರಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಪಕ್ಕದ ಒಲೆಯಲ್ಲಿ ಹಪ್ಪಳ ಕಾಯಿಸುತ್ತಿದ್ದ ಗಣೇಶಪ್ರಸಾದ ತಲೆಯೆತ್ತಿ ನೋಡಿದ.

"ಎಂತ?" ಎಂದು ಗದರಿದೆ.

"ಎಂತ ಇಲ್ಲ ಅಣ್ಣ."

ನೈವೇದ್ಯವಾಯಿತು, ಮಂಗಳಾರತಿಯಾಯಿತು, ಪಂಕ್ತಿ ಕೂತಿತು. ಎಲೆಯ ತುದಿಗೆ ಉಪ್ಪು ಬಡಿಸಿದರು, ಪಲ್ಯ ಬಡಿಸಿದರು, ಅನ್ನದ ಮೇಲೆ ಸಾಂಬಾರು ಹೋಯಿತು. ನಾನು ಬೈರಾಸು ಹೆಗಲಿಗೆ ಹಾಕಿ ಪಂಕ್ತಿಯ ನಡುವೆ ನಡೆದೆ. ಹೇಗುಂಟು ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ. "ಲಾಯ್ಕುಂಟು ಕಿಟ್ಟಣ್ಣ." "ನಿಮ್ಮ ಕೈರುಚಿ ಎಲ್ಲಿಗೆ ಹೋಗ್ತದೆ?" ಉಪ್ಪು ಬಡಿಸುವವನು ಎರಡನೇ ಸಲ ಬಂದ. ಸ್ವಲ್ಪ ಹೊತ್ತಿಗೆ ಮೂರನೇ ಸಲ ಬಂದ, ಮುಂದಿದ್ದ ಎಲೆಗಳವರೆಲ್ಲ ಹಾಕಿಸಿಕೊಂಡರು. ಅರ್ಧ ಪಂಕ್ತಿಗೆ ಬಿಪಿ, ಇನ್ನರ್ಧಕ್ಕೆ ಶುಗರು, ಆದರೂ ಉಪ್ಪಿನ ಆಸೆ ನೋಡು ಎಂದು ನನಗೆ ನಗು ಬಂತು. ಬಾಯಿ ಕಟ್ಟಲಾಗದ ಜನ.

ಊಟ ಮುಗಿದ ಮೇಲೆ ಜಿತೇಂದ್ರ ಮೈಕು ಹಿಡಿದು ನನ್ನನ್ನು ಕರೆದ. ಸನ್ಮಾನವೆಂದರೆ ನನಗೆ ಮೊದಲಿನಿಂದಲೂ ಅಸಹ್ಯ. ಕೆಲಸಕ್ಕೆ ಬಾರದವರಿಗೆ ಶಾಲು ಹೊದೆಸಿ ಕೆಲಸ ಮಾಡದವರು ಚಪ್ಪಾಳೆ ತಟ್ಟುವ ಕಾರ್ಯಕ್ರಮ. ಆದರೂ ಅವನು ನನ್ನ ಇಪ್ಪತ್ತೇಳು ವರ್ಷದ ಸೇವೆಯ ಬಗ್ಗೆ ಹೇಳುವಾಗ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದೆ. ಕುತ್ತಿಗೆ ಬಗ್ಗಿಸಿ ಶಾಲು ಹಾಕಿಸಿಕೊಂಡೆ. ಹಣ್ಣಿನ ತಟ್ಟೆ ತೆಗೆದುಕೊಂಡೆ. ಗೆದ್ದೆ ಎಂದುಕೊಂಡೆ.

ಎಲ್ಲರಿಗಿಂತ ಕೊನೆಗೆ ಕೂತು ಉಂಡೆ. ಸಾಂಬಾರು ಮನೆಯ ಊಟದ ಹಾಗೆಯೇ ಇತ್ತು.

ಮರುದಿನ ಸೋಮವಾರ, ಕೊಪ್ಪರಿಗೆಯಲ್ಲಿ ಉಳಿದು ಮನೆಗೆ ತಂದಿದ್ದ ಸಾಂಬಾರನ್ನು ಡಬ್ಬಿಗೆ ಹಾಕಿಕೊಳ್ಳುವಾಗ ಸೌದಾಮಿನಿ ತಡೆದಳು. "ನಿನ್ನೆಯದ್ದು ಯಾಕೆ ಕೊಂಡೋಗುದು? ಅವಳಿಗೆ ಬೇರೆ ಎಂತಾದ್ರೂ ಮಾಡಿಕೊಡ್ತೇನೆ."

"ಫ್ರಿಜ್ಜಿನಲ್ಲಿ ಇದ್ದದ್ದು, ಬಿಸಿ ಮಾಡಿದ್ದೇನೆ. ಅವಳ ಪುಸ್ತಕ ಅವಳಿಗೇ ವಾಪಸು ಕೊಡ್ಲಿಕ್ಕುಂಟು."

ಅವಳು ಏನೋ ಹೇಳಲು ಹೋಗಿ ಬಿಟ್ಟಳು. ಬೋವಿಕಾನದಲ್ಲಿ ರಿಕ್ಷಾ ಇಳಿದ ಮೇಲೆ ಮೊದಲ ಸಲ ಮೆಟ್ಟಿಲು ಹತ್ತದೆ ಕೆಳಗೇ ನಿಂತಳು. "ನೀವು ಹೋಗಿ ಬನ್ನಿ."

ನುಸೈಬಾ ಡಬ್ಬಿ ತೆರೆದು, ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಂಡು, ಚಮಚದಲ್ಲಿ ಬಾಯಿಗಿಟ್ಟಳು. ಇನ್ನೊಂದು ಚಮಚ ತೆಗೆದುಕೊಂಡಳು. ನಾನು ಎದೆ ಸೆಟೆಸಿ ಕೂತಿದ್ದೆ. ಅವಳು ಚಮಚ ಕೆಳಗಿಟ್ಟಳು.

"ಭಟ್ರೇ, ಇದಕ್ಕೆ ಉಪ್ಪು ಹಾಕ್ಲಿಲ್ಲ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಬಂದ ಸಿಟ್ಟಿಗೆ ಹದ್ದುಬಸ್ತೇ ಇರಲಿಲ್ಲ. "ನಿಮಗೆಂತ ಗೊತ್ತು ನಮ್ಮ ಅಡಿಗೆ? ಊರಿಗೆ ಊರೇ ಲಾಯ್ಕುಂಟು ಅಂತ ಉಂಡು ಹೋಗಿದೆ. ಶಾಲು ಹಾಕಿದ್ದಾರೆ. ಮೀನು ತಿನ್ನುವ ನಾಲಗೆಗೆ ಇದರ ರುಚಿ ಎಲ್ಲಿಂದ ಸಿಗಬೇಕು?"

"ಮೀನಿಗೂ ಉಪ್ಪೇ ಹಾಕುದು ಭಟ್ರೇ," ಎಂದಳು. ಸ್ವರ ಸ್ವಲ್ಪವೂ ಏರಲಿಲ್ಲ. "ಪುಸ್ತಕ ತೋರಿಸಿ."

ಪುಸ್ತಕ ತೆರೆದೆ. ಸಾರು, ಗೀಟು. ಅವಿಲು, ಗೀಟು. ಸಾಂಬಾರು ಎಂದು ನನ್ನದೇ ಸೊಟ್ಟ ಅಕ್ಷರ, ಅದರ ಮುಂದೆ ಬಿಳಿ ಕಾಗದ.

ಮೂರು ಸಲ ಉಪ್ಪು ಬಡಿಸುತ್ತ ಹೋದವನು ಆಗ ಕಣ್ಣ ಮುಂದೆ ಬಂದ. ಎಲೆಯ ತುದಿಯ ಉಪ್ಪನ್ನು ಅನ್ನದೊಳಗೆ ಕಲಸುತ್ತ ಲಾಯ್ಕುಂಟು ಎಂದ ಬಾಯಿಗಳು ಬಂದವು. ನೆಲ ನೋಡುವ ಸೌದಾಮಿನಿ ಬಂದಳು. ಅಲ್ಲಿಯೇ ಫೋನು ತೆಗೆದು ಗಣೇಶಪ್ರಸಾದನಿಗೆ ಮಾಡಿದೆ.

"ನಿನ್ನೆ ಸಾಂಬಾರಿಗೆ ಉಪ್ಪು ಇತ್ತಾ ಇಲ್ವಾ?"

"ಈಗ ಅದು ಯಾಕೆ ಅಣ್ಣ?"

"ಬಾಯಲ್ಲಿ ಎಂತ ಉಂಟು? ಹೇಳು!"

"ಇರ್ಲಿಲ್ಲ ಅಣ್ಣ. ನೈವೇದ್ಯ ಆದ ಮೇಲೆ ನೋಡಿದೆ."

"ಆಗ ಹಾಕ್ಲಿಕ್ಕೆ ನಿನಗೆ ಕೈ ಇರ್ಲಿಲ್ವಾ?"

"ನಿಮ್ಮ ಕೊಪ್ಪರಿಗೆಗೆ ನಾನು ಹೇಗೆ ಕೈ ಹಾಕುದು ಅಣ್ಣ? ಅಷ್ಟು ಜನರ ಎದುರು ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಉಪ್ಪು ಇನ್ನೆರಡು ಸಲ ಬಡಿಸ್ಲಿಕ್ಕೆ ಹೇಳಿದೆ."

"ಮುಂದಿನ ವರ್ಷ ಯಾರಂತೆ?"

"ಶಾಲು ಶುಕ್ರವಾರವೇ ತಂದಿಟ್ಟಿದ್ರು ಅಣ್ಣ."

ಫೋನು ಇಟ್ಟೆ. ಶುಕ್ರವಾರ. ನಾನು ತರಕಾರಿ ಹೆಚ್ಚಲು ಕೂರುವ ಎರಡು ದಿನ ಮೊದಲೇ ನನ್ನನ್ನು ಮುಗಿಸಿ ಮಡಚಿ ಇಟ್ಟಿದ್ದರು. ಅವರ ಮೇಲೆ ಉಗುಳಬೇಕೆನಿಸಿತು. ಆದರೆ ಉಗುಳಲು ನನಗೆ ಬಾಯಿ ಎಲ್ಲಿತ್ತು? ಅವರ ತೀರ್ಮಾನ ತಪ್ಪೆಂದು ತೋರಿಸಲು ಒಂದು ಕೊಪ್ಪರಿಗೆ ಸಿಕ್ಕಿತ್ತು. ಮೂರು ಜನ ನೋಡಿದರೆಂಬ ನಾಚಿಕೆಗೆ ಅದನ್ನು ಸಪ್ಪೆ ಮಾಡಿ ಅವರಿಗೇ ಸಾಕ್ಷಿ ಒದಗಿಸಿದೆ. ಊರಿನ ಪೆದ್ದರ ಪಟ್ಟಿ ಮಾಡುತ್ತ ಬಂದವನು ತನ್ನ ಹೆಸರನ್ನು ಬಿಟ್ಟಿದ್ದ.

ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

"ಊರಲ್ಲಿ ಅಷ್ಟು ಜನ ಇದ್ದು ಹೇಳ್ಲಿಲ್ಲ. ನೀವು ಯಾಕೆ ಹೇಳಿದ್ದು?" ಎಂದು ಕೇಳಿದೆ.

"ಅವರಿಗೆ ನೀವು ಗುಣ ಆಗ್ಬೇಕು ಅಂತ ಇಲ್ಲ. ನನಗೆ ಉಂಟು," ಎಂದಳು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. "ಸೈಕಲಿಗೆ ಹತ್ತಿ. ಹೊತ್ತಾಯ್ತು."

ಹತ್ತಿದೆ. ಇಪ್ಪತ್ತು ನಿಮಿಷ ಆ ಗೋಡೆಯನ್ನೇ ನೋಡುತ್ತ ತುಳಿದೆ. ಇಳಿದ ಮೇಲೆ ಅವಳು ಮೀನಿನ ಮಾತನ್ನು ಎತ್ತಲಿಲ್ಲ. ನಾನೇ, "ಆ ಮಾತು ಹೇಳಬಾರದಿತ್ತು" ಎಂದೆ. "ಹೌದು" ಎಂದಳು. ಅಷ್ಟೇ. ಕೆಳಗೆ ಬಂದಾಗ ಸೌದಾಮಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಅವಳಾದ್ರೂ ಹೇಳ್ಲಿ ಅಂತ ಬಿಟ್ಟೆ" ಎಂದಳು.

ಆ ಸಂಜೆ ಗಣೇಶಪ್ರಸಾದನಿಗೆ ಮತ್ತೆ ಫೋನು ಮಾಡಿದೆ. "ನಿನ್ನ ಮುಂದಿನ ಪೂಜೆಗೆ ನಾನು ಬರ್ತೇನೆ. ಮೇಸ್ತ್ರಿ ನೀನೇ. ನನಗೆ ಒಂದು ಪಾತ್ರೆ ಕೊಡು. ಉಪ್ಪು ಬಿದ್ದಿದಾ ಅಂತ ಎಲ್ಲರ ಎದುರು ಕೇಳು. ಕೇಳ್ಲಿಕ್ಕೆ ಧೈರ್ಯ ಇಲ್ಲದಿದ್ರೆ ನನ್ನನ್ನು ಕರೀಬೇಡ."

ಜುಲೈಯಲ್ಲಿ ಕಾರಡ್ಕದ ಒಂದು ಮನೆಯಲ್ಲಿ ಪೂಜೆಯಿತ್ತು, ನಲವತ್ತು ಜನರದ್ದು. ಹೋದೆ. ಕುಂಬಳಕಾಯಿಯನ್ನು ಎಮ್ಮೆಗೆ ಹಾಕುವ ಹಾಗೆ ಹೆಚ್ಚಿಟ್ಟಿದ್ದ, ಹೇಳಿದೆ. ಒಗ್ಗರಣೆಗೆ ಎಣ್ಣೆ ಹೆಚ್ಚಾಗಿತ್ತು, ಅದನ್ನೂ ಹೇಳಿದೆ. ಅವನು ಎಲ್ಲದಕ್ಕೂ "ಆಯ್ತಣ್ಣ" ಎಂದ. ನನ್ನ ಪಾಲಿಗೆ ಬಂದದ್ದು ಸಾಂಬಾರು. ಬೇಳೆ ಬೆಂದು, ಹೋಳು ಬೆಂದು, ಕಾಯಿ ಅರೆದ ಅರಪ್ಪು ಬಿದ್ದು ಕುದಿಯತೊಡಗಿತು. ಅಷ್ಟರಲ್ಲಿ ಮನೆಯ ಯಜಮಾನ ಬಂದು ಎಲೆ ಎಷ್ಟು ಬೇಕೆಂದು ಕೇಳಿದ, ಹೇಳಿದೆ. ಅವನ ಹಿಂದೆ ಇನ್ನಿಬ್ಬರು ಬಂದು ನಿಂತರು.

ಆಗ ಗಣೇಶಪ್ರಸಾದ ಆ ಕಡೆಯ ಒಲೆಯಿಂದ ಗಟ್ಟಿಯಾಗಿ ಕೇಳಿದ.

"ಅಣ್ಣ, ಸಾಂಬಾರಿಗೆ ಉಪ್ಪು ಬಿದ್ದಿದಾ?"

ಅಡಿಗೆಮನೆಯಲ್ಲಿ ಎಲ್ಲರ ಕೈಯೂ ನಿಂತಿತು. ಹಾಕಿದ್ದೇನೆ ಎಂಬ ಮಾತು ನಾಲಗೆಯ ತುದಿಗೆ ತಾನಾಗಿ ಬಂತು. ನುಂಗಿದೆ. ಬೈರಾಸಿನ ಮಡಿಕೆಯಿಂದ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ಎಲ್ಲರೂ ನೋಡುತ್ತಿರುವಂತೆ ಪುಟ ತಿರುಗಿಸಿದೆ.

"ನೆನಪಿಲ್ಲ," ಎಂದೆ. "ಗೀಟು ಇಲ್ಲ."

ಗೆರಟೆಯಲ್ಲಿ ಉಪ್ಪು ತುಂಬಿ ಕೊಪ್ಪರಿಗೆಗೆ ಹಾಕಿದೆ. ಆಮೇಲೆ ಪೆನ್ಸಿಲು ತೆಗೆದುಕೊಂಡೆ.